ಅವಲಂಬಿತರ ಕಲಂನಲ್ಲಿ ಅಣ್ಣ

ಕಲಬುರಗಿಯ ಐವಾನ್-ಎ-ಶಾಹಿ ಭಾಗದಲ್ಲಿ ಮನೆ ಮಾಡಿಕೊಂಡಿರುವ ವಿಜಯಶ್ರೀ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್. ಪ್ರತಿ ವರ್ಷ ಆದಾಯ ತೆರಿಗೆಯ ರಿಟರ್ನ್ ತುಂಬಿಸಲು ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಲೆಕ್ಕಿಗನ ಹತ್ತಿರ ಹೋಗುತ್ತಿದ್ದಳು. ಕಳೆದ ಜುಲೈಯಲ್ಲಿ ಮಾತ್ರ, ಫೋನಿನಲ್ಲಿ ಜಾಹೀರಾತು ನೋಡಿ, ಒಂದು ಸಾಫ್ಟ್‌ವೇರ್ ಇಳಿಸಿಕೊಂಡು ತಾನೇ ತುಂಬಲು ಕುಳಿತಳು.

ಕೆಲಸ ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಅದು ಒಂದೊಂದೇ ಪ್ರಶ್ನೆ ಕೇಳುತ್ತಿತ್ತು, ಅವಳು ಒತ್ತುತ್ತಿದ್ದಳು. ಹಳೆಯ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿತು. ಮನೆಸಾಲದ ಬಡ್ಡಿ ಹಾಕಿದಾಗ ಮೂಲೆಯಲ್ಲಿ ಹಸಿರು ಬಣ್ಣದ ಒಂದು ಅಂಕಿ ಏರಿತು. ವಿಮೆ ಹಾಕಿದಾಗ ಇನ್ನಷ್ಟು ಏರಿತು. ಅದು ತನಗೆ ಮರಳಿ ಬರುವ ಹಣ. ಆಮೇಲೆ ಈ ಪ್ರಶ್ನೆ ಬಂತು: ನಿಮ್ಮನ್ನು ಅವಲಂಬಿಸಿರುವ ಅಂಗವಿಕಲರು ಕುಟುಂಬದಲ್ಲಿ ಇದ್ದಾರೆಯೇ?

ವಿಜಯಶ್ರೀಯ ಬೆರಳು ನಿಂತಿತು. ಕಮಲಾಪುರದ ಅಣ್ಣ ಮಾಪಣ್ಣ ನೆನಪಾದ.

ಮಾಪಣ್ಣನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಆದರೆ ಅವನು ಯಾರನ್ನೂ ಅವಲಂಬಿಸಿದವನಲ್ಲ. ಹದಿನೈದಕ್ಕೆ ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತ, ಇಪ್ಪತ್ತೆರಡಕ್ಕೆ ಸ್ವಂತ ಅಂಗಡಿ ಹಾಕಿದ. ಅಪ್ಪ ತೀರಿಕೊಂಡ ಮೇಲೆ ವಿಜಯಶ್ರೀಯ ನರ್ಸಿಂಗ್ ಓದಿನ ಮೂರೂ ವರ್ಷದ ಫೀಸು ಕಟ್ಟಿದವನು ಅವನೇ. ಹೆಂಡತಿ, ಇಬ್ಬರು ಮಕ್ಕಳು ಅದೇ ಅಂಗಡಿಯ ಮೇಲೆಯೇ ಬದುಕಿದ್ದಾರೆ. ಅಂಗವಿಕಲರ ಪ್ರಮಾಣಪತ್ರ ಮಾಡಿಸು, ಬಸ್ ಪಾಸ್ ಸಿಗುತ್ತದೆ ಎಂದು ಊರವರು ಎಷ್ಟು ಹೇಳಿದರೂ ಮಾಡಿಸಿರಲಿಲ್ಲ.

ವಿಜಯಶ್ರೀ 'ಹೌದು' ಒತ್ತಿದಳು. ಸಂಬಂಧ: ಅಣ್ಣ. ಲಸಿಕೆ ಹಾಕಿಸುವಾಗ ಅವನು ಕಳಿಸಿದ್ದ ಆಧಾರ್ ಕಾರ್ಡಿನ ಫೋಟೊ ಫೋನಿನಲ್ಲೇ ಇತ್ತು. ಪ್ರಮಾಣಪತ್ರದ ಜಾಗವನ್ನು ಖಾಲಿ ಬಿಟ್ಟಳು. ಹಸಿರು ಅಂಕಿ ಒಮ್ಮೆಲೇ ಜಿಗಿಯಿತು. ಅವಳಿಗೆ ಹಣದ ಅಡಚಣೆ ಏನೂ ಇರಲಿಲ್ಲ. ಬಂದ ಹಣದಲ್ಲಿ ಬಟ್ಟೆ ಒಗೆಯುವ ಮಷಿನ್ ತಂದಳು.

ಡಿಸೆಂಬರಿನಲ್ಲಿ ಇಲಾಖೆಯಿಂದ ಮೆಸೇಜ್ ಬಂತು. ನೀವು ಕೇಳಿರುವ ವಿನಾಯಿತಿಗೆ ಆಧಾರ ಕಾಣುತ್ತಿಲ್ಲ, ಸರಿಯಿದ್ದರೆ ದಾಖಲೆ ಇಟ್ಟುಕೊಳ್ಳಿ, ತಪ್ಪಿದ್ದರೆ ತಿಂಗಳು ಮುಗಿಯುವುದರೊಳಗೆ ತಿದ್ದಿಕೊಳ್ಳಿ. ತಿದ್ದಿದರೆ ಮುಗಿದುಹೋಗುತ್ತಿತ್ತು. ಆದರೆ ಅವಳಿಗೆ ಹೊಳೆದದ್ದು ಬೇರೆ. ಭಾನುವಾರ ಕಮಲಾಪುರದ ಬಸ್ಸು ಹತ್ತಿದಳು.

"ಅಣ್ಣಾ, ಆ ಸರ್ಟಿಫಿಕೇಟ್ ಒಂದ್ ಮಾಡಿಸ್ಕೊ. ವಯಸ್ಸಾತು, ಮುಂದ ಉಪಯೋಗಕ್ಕ ಬರ್ತದ," ಎಂದಳು.

ಮಾಪಣ್ಣ ತಾಮ್ರದ ತಂತಿ ಸುತ್ತುತ್ತಲೇ ಅವಳ ಮುಖ ನೋಡಿದ. "ನನಗ ಯಾಕಬೇ ಅದು?"

"ನನ್ನ ಸಮಾಧಾನಕ್ಕರೆ ಮಾಡಿಸ್ಕೊ."

ಮಾಪಣ್ಣ ತಂತಿ ಬದಿಗಿಟ್ಟು, "ನೀ ಹೇಳ್ತಿ ಅಂದ್ರ ಬರ್ತೀನಿ ಬಿಡು," ಎಂದ. ಇಷ್ಟು ವರ್ಷ ಊರಿಗೆಲ್ಲ ಬೇಡ ಎಂದವನು ಅವಳ ಒಂದು ಮಾತಿಗೆ ಒಪ್ಪಿಕೊಂಡಿದ್ದ.

ಬುಧವಾರ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಲಬುರಗಿಯ ಆಸ್ಪತ್ರೆಗೆ ಬಂದ. ಎರಡು ತಾಸು ಸಾಲಿನಲ್ಲಿ ನಿಂತರು. ಒಳಗೆ ವೈದ್ಯರು ಪ್ಯಾಂಟು ಮೇಲೆತ್ತಲು ಹೇಳಿದರು. ಕಾಲು ಕಾಣಬಾರದೆಂದು ಮಾಪಣ್ಣ ಎಂದೂ ಲುಂಗಿ ಉಟ್ಟವನಲ್ಲ. ವಿಜಯಶ್ರೀ ಆ ಕಾಲನ್ನು ನೋಡಿ ಮೂವತ್ತು ವರ್ಷವಾಗಿತ್ತು. ವೈದ್ಯರು ಎರಡೂ ಮೀನಖಂಡಗಳಿಗೆ ಟೇಪು ಸುತ್ತಿ ಅಳತೆ ಹೇಳಿದರು, ಪಕ್ಕದವರು ಬರೆದುಕೊಂಡರು. ಅಷ್ಟು ಹೊತ್ತೂ ಅಣ್ಣ ಗೋಡೆಯ ಕಡೆ ಮುಖ ಮಾಡಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ದಿನಕ್ಕೆ ಹತ್ತಾರು ರೋಗಿಗಳ ಮೈ ನೋಡುವವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಅಣ್ಣಾ, ಹೊರಗ ಬಾ," ಎಂದಳು.

ವರಾಂಡದಲ್ಲಿ ಎಲ್ಲವನ್ನೂ ಹೇಳಿದಳು. ಸಾಫ್ಟ್‌ವೇರು, ಆಧಾರ್ ಕಾರ್ಡು, ಮೆಸೇಜು, ಮಷಿನ್ನು, ಒಂದನ್ನೂ ಬಿಡಲಿಲ್ಲ. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಒಳಗೆ ಹೋಗಿ, "ಕಾಗದ ಬ್ಯಾಡ್ರಿ ಸಾಹೇಬ್ರ, ನಿಮಗ ಸುಮ್ನ ತ್ರಾಸ್ ಕೊಟ್ಟಂಗಾತು," ಎಂದು ಹೇಳಿ ಬಂದ. ಆಮೇಲೆ ಅವಳಿಗೆ ಹೇಳಿದ್ದು ಇಷ್ಟೇ: "ತಿದ್ದೋದು ಏನದನೋ, ನನ್ನ ಮುಂದ ಕುಂತು ತಿದ್ದು."

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋದಳು. ಮಾಪಣ್ಣ ಕೈ ಒರೆಸಿಕೊಂಡು ಪಕ್ಕದ ಸ್ಟೂಲಿನಲ್ಲಿ ಕುಳಿತ. ಪರದೆಯ ಮೇಲೆ ಅವನ ಹೆಸರು ಬಂತು. ಅವನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿತ್ತು, ಅರ್ಥ ಪೂರ್ತಿ ಆಗುತ್ತಿರಲಿಲ್ಲ.

"ನನ್ನ ಹೆಸರಿನ ಮುಂದ ಇದೇನು? ಡಿಪೆಂಡೆಂಟ್. ಹಂಗಂದ್ರ?"

ಅವಳು ತಲೆ ತಗ್ಗಿಸಿದಳು.

"ಹೇಳಬೇ."

"ನಿನ್ನ ಊಟ, ಬಟ್ಟಿ, ಖರ್ಚು ಎಲ್ಲಾ ನಾ ನೋಡ್ಕೊಳ್ಳಾಕತ್ತೀನಿ ಅಂತ."

ಮಾಪಣ್ಣ ಆ ಪದವನ್ನು ಬಹಳ ಹೊತ್ತು ನೋಡಿದ. "ಕುಂಟ ಅಂತ ಬರದಿ, ಅದು ಸುಳ್ಳಲ್ಲ. ಆದ್ರ ಇದನ್ನ ಹೆಂಗ ಬರದಿ ವಿಜೂ?"

ವಿಜಯಶ್ರೀ ಪರದೆಯಲ್ಲಿ ಅಳಿಸುವ ಜಾಗ ಹುಡುಕಿದಳು. ಕಣ್ಣು ಮಂಜಾಗಿ ಬಾಣದ ಗುರುತು ಎಲ್ಲಿದೆಯೆಂದೇ ಕಾಣಲಿಲ್ಲ. ಹೇಗೋ ಹೆಸರು ಅಳಿಸಿದಳು. ಹಸಿರು ಅಂಕಿ ಕೆಂಪಾಯಿತು. ಪಡೆದದ್ದನ್ನು ಬಡ್ಡಿ ಸಮೇತ ಅಲ್ಲಿಯೇ ಕಟ್ಟಿ, ತಿದ್ದಿದ ರಿಟರ್ನ್ ಕಳಿಸಿದಳು. ಫೋನಿಗೆ ಬಂದ ಸಂಖ್ಯೆ ಹಾಕಿದ ಮೇಲೆ, ಸಲ್ಲಿಕೆಯಾಗಿದೆ ಎಂದು ಬಂತು. "ಆತಲ್ಲ?" ಎಂದು ಕೇಳಿ ಮಾಪಣ್ಣ ಎದ್ದು ಮತ್ತೆ ತಂತಿ ಕೈಗೆತ್ತಿಕೊಂಡ.

ಅಷ್ಟರಲ್ಲಿ ತೋಟದ ಪಂಪು ರಿಪೇರಿಗೆ ಕೊಟ್ಟಿದ್ದ ಸರ್ಫರಾಜ್ ಬಂದ. ಕೆಂಪು ಬಾಳೆಯ ತೋಟದವನು, ಹಳೆಯ ಗಿರಾಕಿ. ಲ್ಯಾಪ್‌ಟಾಪ್ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ನೋಡಿ, "ಯಾರ್ರೀ ಇವ್ರು, ಮಿಸ್ತ್ರಿ?" ಎಂದು ಮೆಲ್ಲಗೆ ಕೇಳಿದ.

"ನಮ್ಮ ತಂಗಿ. ಕಲಬುರಗ್ಯಾಗ ದವಾಖಾನಿ ನರ್ಸ್ ಅದಾಳ," ಎಂದ ಮಾಪಣ್ಣ. ದನಿಯಲ್ಲಿ ಹೆಮ್ಮೆ ಇತ್ತು. "ನಮ್ಮ ಮನ್ಯಾಗ ನೌಕರಿ ಹಿಡದಾಕಿ ಇಕಿನೇ ಮೊದಲು."

ಸರ್ಫರಾಜ್ ಕೈ ಎತ್ತಿ ನಮಸ್ಕಾರ ಮಾಡಿದ. ವಿಜಯಶ್ರೀ ಎದ್ದು ನಿಂತು ಕೈ ಜೋಡಿಸಿದಳು. ಅಣ್ಣನ ಕಡೆ ನೋಡಲು ಮಾತ್ರ ಅವಳಿಗೆ ಆಗಲಿಲ್ಲ.