ಒಲೆಯ ಮೇಲಿನ ಟಯರು

ಮೋಟಾರ್ ಸೈಕಲ್ಲಿನ ಒಂದು ಟಯರಿನ ವಿಷಯದಲ್ಲಿ ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಒಬ್ಬ ಕೆಲಸಗಾರನ ಹೆಸರು ಕೆಟ್ಟಿತು, ಅವನು ಊರು ಬಿಟ್ಟ. ಇದನ್ನು ಬರೆಯಬೇಡಿ ಎಂದು ಮನೆಯವರು ಹೇಳುತ್ತಿದ್ದಾರೆ. ಇಷ್ಟು ವರ್ಷದ ಮೇಲೆ ಇದು ಯಾರಿಗೆ ಬೇಕು, ಮನಸ್ಸು ತಡೆಯದಿದ್ದರೆ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಕೈಮುಗಿದು ಬನ್ನಿ ಅನ್ನುತ್ತಾರೆ. ನಾನು ಹಾಕುವುದಿಲ್ಲ. ದೇವರ ಮೇಲೆ ನಾನು ಯಾವ ಸುಳ್ಳನ್ನೂ ಹೊರಿಸಿರಲಿಲ್ಲ. ಹೊರಿಸಿದ್ದು ಒಬ್ಬ ರಿಪೇರಿ ಮೇಸ್ತ್ರಿಯ ಮೇಲೆ.

ಕೊಡಗು ಬೇರೆಯೇ ರಾಜ್ಯವಾಗಿದ್ದ ಕಾಲ. ಹೈಸ್ಕೂಲು ಮುಗಿಸಿದ ನಾನು ನೆಲ್ಯಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಕೊಯ್ಲಿನ ದಿನಗಳಲ್ಲಿ ಹಣ್ಣು ಅಳೆಸುವುದು ನನ್ನ ಕೆಲಸ. ಅಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಎಸ್ಟೇಟಿನ ದೊರೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟಾಗ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ನನಗೆ ಅಗ್ಗಕ್ಕೆ ಬಿಟ್ಟುಕೊಟ್ಟ. ಜೊತೆಗೆ ಕಾಗದದ ಪಟ್ಟಿ ಸುತ್ತಿದ್ದ ಒಂದು ಹೊಸ ಟಯರು. ಸುತ್ತಲಿನ ರೈಟರುಗಳೆಲ್ಲ ಏರಿನಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುವಾಗ ನಾನು ಸದ್ದು ಮಾಡುತ್ತ ಅವರನ್ನು ದಾಟುತ್ತಿದ್ದೆ. ಆ ಜಂಬಕ್ಕೆ ನಾನು ಈಗಲೂ ಕ್ಷಮೆ ಕೇಳುವುದಿಲ್ಲ. ಇಪ್ಪತ್ತೆರಡರ ವಯಸ್ಸಿಗೆ ಅಷ್ಟು ಜಂಬ ಇರಬೇಕು.

ನಮ್ಮ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು. ಹಾಗಾಗಿ ಕೆಡಬಾರದ ವಸ್ತು ಏನೇ ಇರಲಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ವಾಡಿಕೆ. ಬಿತ್ತನೆ ಬೀಜ, ಕರಿಮೆಣಸು, ಹುಣಸೆಹಣ್ಣು, ಬಿದಿರಿನ ಬುಟ್ಟಿ, ಎಲ್ಲ ಅಲ್ಲೇ. ಹೊಗೆ ತಗುಲಿದ್ದು ಕೆಡುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಹೊಸ ಟಯರನ್ನೂ ಅಲ್ಲೇ ಇಡು ಎಂದು ಅವ್ವ ಹೇಳಿದಳು. ಅವ್ವ ಹೇಳಿದ್ದಕ್ಕೆ ಇಟ್ಟೆ ಎಂದು ಆಮೇಲೆ ನಾನು ನೆಪ ಹೇಳಿದ್ದೂ ಉಂಟು. ತೊಲೆಗೆ ಮೊಳೆ ಹೊಡೆದು ನೇತುಹಾಕಿದವನು ನಾನೇ.

ಮೋಟಾರ್ ಸೈಕಲ್ಲಿನಲ್ಲಿ ಹಿಂದಿನ ಟಯರು ಮುಂದಿನದಕ್ಕಿಂತ ಬೇಗ ಸವೆಯುತ್ತದೆ. ಗಾಡಿಯನ್ನು ನೂಕುವುದು ಅದೇ, ಹೆಚ್ಚು ಭಾರ ಹೊರುವುದೂ ಅದೇ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಗಾಡಿಯ ಹಿಂದಿನ ಟಯರು ನಡುವೆ ಬೋಳಾಗಿ, ಕೆಸರು ಕಂಡರೆ ಪಕ್ಕಕ್ಕೆ ಜಾರುತ್ತಿತ್ತು. ಆ ವರ್ಷದ ಕೊಯ್ಲು ಮುಗಿದ ಮೇಲೆ ಅಟ್ಟದ ಟಯರನ್ನು ಇಳಿಸಿ ಮಸಿ ಒರೆಸಿದೆ. ಗೆರೆಗಳು ಆಗ ತಾನೇ ಕಡೆದಿಟ್ಟ ಹಾಗೆ ಚೂಪಾಗಿದ್ದವು. ಹೆಗಲಿಗೆ ಹಾಕಿಕೊಂಡು ಮೇಸ್ತ್ರಿಯ ಹತ್ತಿರ ಹೋದೆ.

ಮೇಸ್ತ್ರಿ ಮಲಯಾಳದ ಕಡೆಯವನು. ಪೇಟೆಯ ಕೊನೆಯಲ್ಲಿ ತಗಡು ಹೊದೆಸಿದ ಅವನ ಶೆಡ್ಡು. ಲಾರಿಯಿಂದ ಹಿಡಿದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ತನಕ ಎಲ್ಲವನ್ನೂ ಒಬ್ಬನೇ ರಿಪೇರಿ ಮಾಡುತ್ತಿದ್ದ. ನಾನು ಹೋದಾಗ ಬೇರೆ ಯಾರೂ ಇರಲಿಲ್ಲ. ಅವನು ಕುಕ್ಕುರುಗಾಲಲ್ಲಿ ಕೂತು ಟಯರನ್ನು ಮಂಡಿಯ ಮೇಲಿಟ್ಟುಕೊಂಡು ತಿರುಗಿಸಿದ.

"ಎಲ್ಲಿ ಇಟ್ಟಿದ್ರಿ ರೈಟರೇ ಇದನ್ನು?"

"ಅಟ್ಟದಲ್ಲಿ. ಬೆಚ್ಚಗೆ."

"ಅದೇ. ಮೂಗಿನ ಹತ್ರ ಹಿಡೀರಿ. ಒಣಮೀನಿನ ವಾಸನೆ ಉಂಟು. ಸಾರು ಮಾಡ್ಲಿಕ್ಕೆ ಆಗ್ತದೆ, ಓಡಿಸ್ಲಿಕ್ಕೆ ಆಗೂದಿಲ್ಲ."

ಹೇಳಿ ತಾನೇ ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ಒಂದು ಮೈಲಿ ಓಡಿಲ್ಲ ಇದು. ಗೆರೆ ನೋಡಯ್ಯ, ಗೆರೆ!"

"ಗೆರೆ ನೋಡಿದ್ರೆ ಸಾಲದು, ಪಕ್ಕ ನೋಡ್ಬೇಕು." ಅವನು ಎರಡು ಹೆಬ್ಬೆರಳು ಒತ್ತಿ ಟಯರಿನ ಪಕ್ಕವನ್ನು ಬಗ್ಗಿಸಿದ. ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿಬಿಟ್ಟವು. "ಕಂಡಿತಾ? ಮೊಳೆಗೆ ಹಾಕಿದ ಜಾಗದಲ್ಲಿ ಹೇಗೆ ಮಡಿಸಿ ಕೂತಿದೆ ನೋಡಿ. ಓಡದೆ ಇದ್ರೂ ಟಯರಿಗೆ ವಯಸ್ಸಾಗ್ತದೆ ರೈಟರೇ. ಬೆಂಕಿಯ ಮೇಲೆ ಇಟ್ರೆ ಇನ್ನೂ ಬೇಗ."

ಆಮೇಲೆ ಅವನು ಮೂಲೆಯಿಂದ ಅರ್ಧ ಸವೆದ ಇನ್ನೊಂದು ಟಯರು ತಂದ. "ಇದು ಹಳೇದೇ. ಆದ್ರೆ ರಬ್ಬರು ಮೆತ್ತಗೆ ಉಂಟು, ಜೀವ ಉಂಟು. ಇದನ್ನು ಹಾಕ್ತೇನೆ. ಮಳೆ ಬರುವಷ್ಟರಲ್ಲಿ ಮೈಸೂರಿಂದ ಹೊಸ್ದು ತರಿಸಿ ಕೊಡ್ತೇನೆ."

"ಇನ್ನೊಬ್ಬ ಸವೆಸಿ ಬಿಟ್ಟದ್ದು ನಂಗ್ಯಾಕೆ? ನಿಂಗೆ ಮೈಸೂರು ಟಯರು ಮಾರ್ಬೇಕು, ಅದ್ಕೆ ನಂದು ಒಣಮೀನು. ನಂದನ್ನೇ ಹಾಕು."

ಅವನ ನಗು ನಿಂತಿತು. "ಹಾಕ್ತೇನೆ. ಆದ್ರೆ ನಾನು ಹೇಳಿದ್ದೇನೆ, ನೀವು ಕೇಳಿದ್ದೀರಿ" ಅಂದ.

ಅವನು ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ರಿಮ್ಮಿನ ತುಕ್ಕು ಉಜ್ಜಿದ. ಟ್ಯೂಬಿಗೆ ಪೌಡರು ಸವರಿದ. ಟಯರಿನ ಅಂಚನ್ನು ಕಬ್ಬಿಣದ ಪಟ್ಟಿಯಿಂದ ಎಬ್ಬಿಸಿ ಕೂರಿಸುವಾಗ ಒಂದೊಂದು ಗೇಣಿಗೂ ನಿಲ್ಲಿಸಿ, ಒಳಗೆ ಬೆರಳು ಆಡಿಸಿ, ಟ್ಯೂಬು ಎಲ್ಲೂ ಅಂಚಿನಡಿ ಸಿಕ್ಕಿಕೊಂಡಿಲ್ಲ ಎಂದು ನೋಡಿಕೊಂಡ. ಸ್ವಲ್ಪ ಗಾಳಿ ಹಾಕಿ, ಚಕ್ರವನ್ನು ನೆಲಕ್ಕೆ ಕುಟ್ಟಿ, ಗಾಳಿ ಬಿಟ್ಟು, ಮತ್ತೆ ಹಾಕಿದ. ತನಗೆ ಬೇಡವಾದ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದವನನ್ನು ನಾನು ಮತ್ತೆ ನೋಡಿಲ್ಲ.

ಎರಡು ವಾರ ಕಳೆದಿರಬಹುದು. ನನ್ನ ಅಕ್ಕನ ಗಂಡ ಒಂದು ಭಾನುವಾರ ಅವ್ವನನ್ನು ನೋಡಲು ಬಂದರು. ಆಗಿನ್ನೂ ಫ್ರೇಸರ್‌ಪೇಟೆ ಎನ್ನುತ್ತಿದ್ದ ಕುಶಾಲನಗರದ ಹತ್ತಿರ ಅವರು ಶಾಲಾ ಮೇಷ್ಟ್ರು. ಊಟ ಮಾಡಿ ಮಾತಾಡುತ್ತ ಕೂತಿದ್ದರಿಂದ ಮಧ್ಯಾಹ್ನದ ಬಸ್ಸು ತಪ್ಪಿತು. ನನ್ನ ಗಾಡಿ ತಗೊಂಡು ಹೋಗಿ ಎಂದೆ. ಅವರಿಗೆ ಓಡಿಸಲು ಬರುತ್ತಿತ್ತು.

"ಟಯರು ಸರಿ ಇದೆಯೇನಪ್ಪಾ? ಹಿಂದಿನ ಸಲ ಬೋಳಾಗಿತ್ತಲ್ಲ."

"ಹೊಸ್ದು ಹಾಕ್ಸಿದೀನಿ ಭಾವ. ಕಣ್ಮುಚ್ಕೊಂಡು ಹೋಗಿ."

"ಕಣ್ಮುಚ್ಕೊಂಡು ಹೋದ್ರೆ ನಿಮ್ಮಕ್ಕಂಗೆ ಯಾರು ಉತ್ತರ ಹೇಳೋದು?" ಎಂದು ನಗುತ್ತ ಹೊರಟರು.

ಗುಡ್ಡೆಹೊಸೂರಿಗೆ ಮುಂಚಿನ ಒಂದು ಇಳಿಜಾರಿನಲ್ಲಿ ಹಿಂದಿನ ಟಯರು ಸಿಡಿಯಿತು. ಗಾಡಿ ಅವರ ಮೇಲೆ ಬಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಮಡಿಕೇರಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದರು. ಕೂಡಿದ ಕಾಲು ಎರಡು ಬೆರಳಷ್ಟು ಗಿಡ್ಡವಾಯಿತು.

ಅವರು ಬಿದ್ದ ಮರುದಿನ ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು, "ಹೊಸ ಟಯರು ಹೆಂಗೋ ಸಿಡೀತು?" ಎಂದು ಕೇಳಿದಳು.

"ಮೇಸ್ತ್ರಿ ಹಾಕುವಾಗ ಟ್ಯೂಬು ಸಿಕ್ಕಿಸಿಬಿಟ್ಟಿದ್ದಾನೆ ಅಕ್ಕ. ಅವ್ನ ಕೈಕೆಲಸನೇ ಸರಿಯಿಲ್ಲ."

ಯೋಚಿಸಿ ಹೇಳಿದ್ದಲ್ಲ, ಒಂದೇ ಉಸಿರಿಗೆ ಬಂದದ್ದು. ಅಲ್ಲಿಗೇ ನಿಂತಿದ್ದರೆ ಹೆದರಿ ಆಡಿದ ಮಾತು ಎನ್ನಬಹುದಿತ್ತು. ಆದರೆ ಮುಂದಿನ ವಾರ ಎಸ್ಟೇಟ್ ಆಫೀಸಿನಲ್ಲಿ ಹೇಳಿದೆ. ಚಹಾ ಅಂಗಡಿಯಲ್ಲಿ ಹೇಳಿದೆ. ಲಾರಿಯವರಿಗೆ ಹೇಳಿದೆ. ಪ್ರತಿ ಸಲವೂ ಇನ್ನಷ್ಟು ಚೆನ್ನಾಗಿ ಹೇಳಿದೆ. ರೈಟರ್ ಹೇಳಿದ ಮೇಲೆ ಸುಳ್ಳಿರಲಾರದು ಎಂದು ಜನ ನಂಬಿದರು. ಎಸ್ಟೇಟಿನ ಯಂತ್ರಗಳು ರಿಪೇರಿಗೆ ಸಿದ್ದಾಪುರದ ಕಡೆಗೆ ಹೋದವು, ಲಾರಿಗಳೂ ಹೋದವು.

ಒಂದು ಬೆಳಿಗ್ಗೆ ಹಾಜರಿಯ ಹೊತ್ತಿಗೆ ಮೇಸ್ತ್ರಿ ಬಂದ. ಆ ಹರಿದ ಟಯರು ಅವನ ಕೈಯಲ್ಲಿತ್ತು. ಎಲ್ಲಿಂದ ಹುಡುಕಿ ತಂದನೋ.

"ನೋಡಿ ರೈಟರೇ, ಪಕ್ಕ ಹರಿದದ್ದು. ನಾನು ಬೆರಳಿಟ್ಟು ತೋರಿಸಿದ ಜಾಗವೇ. ಅವತ್ತು ಹೇಳಿರ್ಲಿಲ್ವಾ ನಾನು? ಬೇರೆ ಏನೂ ಬೇಡ. ಲಾರಿಯವರ ಹತ್ರ ಒಂದು ಮಾತು ಹೇಳಿ, ಸಾಕು."

ಆಳುಗಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. "ಏನು ಹೇಳಿದ್ದೆ ನೀನು? ಹೋಗಯ್ಯ, ಮೊದ್ಲು ಕೆಲಸ ಕಲ್ತು ಬಾ" ಎಂದೆ. ಯಾರೋ ಕಿಸಕ್ಕನೆ ನಕ್ಕರು. ಅವನು ಟಯರನ್ನು ನನ್ನ ಕಾಲ ಬಳಿ ಇಟ್ಟು ಹೋದ. ಮಳೆ ಹಿಡಿಯುವ ಮುಂಚೆ ಶೆಡ್ಡಿನ ತಗಡು ಬಿಚ್ಚಿ, ಸಾಮಾನು ಕಟ್ಟಿಕೊಂಡು ಊರು ಬಿಟ್ಟ. ಎಲ್ಲಿಗೆ ಎಂದು ನಾನು ವಿಚಾರಿಸಲಿಲ್ಲ.

ವಯಸ್ಸು ಚಿಕ್ಕದಿತ್ತು ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಬೇಡ. ಹೊಗೆಯಲ್ಲಿ ಟಯರು ಕೆಡುತ್ತದೆ ಎಂದು ಗೊತ್ತಿಲ್ಲದಿದ್ದದ್ದು ತಪ್ಪಲ್ಲ, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಗೊತ್ತಿದ್ದವನು ತೋರಿಸಿಕೊಟ್ಟ ಮೇಲೂ ಹಾಕಿಸಿದೆನಲ್ಲ, ಭಾವ ಕೇಳಿದಾಗಲೂ ಹೊಸದು ಎಂದೆನಲ್ಲ, ಅದಕ್ಕೆ ತಗ್ಗಿಸುತ್ತೇನೆ. ಮೋಟಾರ್ ಸೈಕಲ್ಲನ್ನೂ ನಾನು ಬಿಡಲಿಲ್ಲ. ಬಿಟ್ಟಿದ್ದರೆ ಪಾಪ, ಎಷ್ಟು ನೊಂದಿದ್ದಾನೆ ಎಂದು ಜನ ಮೆಚ್ಚುತ್ತಿದ್ದರು. ಆ ಮೆಚ್ಚುಗೆಯೂ ಇನ್ನೊಂದು ಸುಳ್ಳಾಗುತ್ತಿತ್ತು. ಅರುವತ್ತು ದಾಟುವವರೆಗೂ ಓಡಿಸಿದೆ. ಟಯರು ಕೊಳ್ಳುವಾಗ ಗೆರೆಗಿಂತ ಮೊದಲು ಪಕ್ಕ ಬಗ್ಗಿಸಿ ನೋಡಿದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಮೊಳೆಗೆ ನೇತಾಡಿದ್ದನ್ನು ಮುಟ್ಟಲಿಲ್ಲ. ಐದು ವರ್ಷ ದಾಟಿದ್ದನ್ನು ಗೆರೆ ಎಷ್ಟೇ ಇರಲಿ ಎಸೆದೆ. ಮೇಸ್ತ್ರಿ ಹೇಳಿಕೊಟ್ಟದ್ದನ್ನು ಹೀಗೆ ಜೀವಮಾನವೆಲ್ಲ ಉಪಯೋಗಿಸಿಕೊಂಡೆ, ಅವನ ಹೆಸರನ್ನು ಮಾತ್ರ ಸರಿಮಾಡಲಿಲ್ಲ.

ಹೋದ ತಿಂಗಳು ಭಾವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ. ಕಾಲಿನ ಬಗ್ಗೆ ಬೈಯುತ್ತಾರೆ ಎಂದುಕೊಂಡಿದ್ದೆ.

"ಕಾಲು ಹಾಳಾಗ್ಲಿ, ಅದು ನಂದು" ಎಂದರು. "ಆ ಮನುಷ್ಯನ್ನ ಎಷ್ಟು ವರ್ಷ ಬೈದಿದೀನೋ ನಾನು! ಪ್ರತಿ ವರ್ಷ ಹೊಸ ಮಕ್ಕಳಿಗೆ ಈ ಕಾಲು ತೋರ್ಸಿ ಹೇಳ್ತಿದ್ದೆ, ಅರ್ಧಂಬರ್ಧ ಕೆಲಸ ಮಾಡಿದ್ರೆ ನೆಲ್ಯಹುದಿಕೇರಿ ಮೇಸ್ತ್ರಿ ಥರ ಆಗ್ತೀರಿ ಅಂತ. ನನ್ ಬಾಯಲ್ಲಿ ಸುಳ್ಳು ಪಾಠ ಹೇಳಿಸ್ಬಿಟ್ಟೆಯಲ್ಲೋ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನಂಗೊಬ್ನಿಗೆ ಹೇಳಿ ಏನ್ ಬಂತು? ಊರಿಗೆಲ್ಲ ಹೇಳ್ಕೊಂಡ್ ಬಂದಿದ್ದೆ ತಾನೇ? ಊರಿಗೆ ಹೇಳು."

ಹೇಳುತ್ತಿದ್ದೇನೆ. ಮೇಸ್ತ್ರಿ ಬದುಕಿರಲಾರ, ಅವನ ಕಡೆಯವರು ಎಲ್ಲಿದ್ದಾರೋ ತಿಳಿಯದು. ಆದರೆ ಭಾವನ ಶಾಲೆಯಲ್ಲಿ ಓದಿದವರು ಇದೇ ಸುತ್ತಮುತ್ತ ಇನ್ನೂ ನೂರಾರು ಜನ ಇದ್ದೀರಿ. ನಿಮ್ಮ ಮಕ್ಕಳಿಗೂ ಆ ಮೇಸ್ತ್ರಿಯ ಕಥೆ ಹೇಳಿರಬಹುದು. ಅವನು ಟಯರನ್ನು ಸರಿಯಾಗಿ ಹಾಕಿದ್ದ. ಹಾಕಬಾರದು ಎಂದೂ ಹೇಳಿದ್ದ. ಮೇಷ್ಟ್ರು ಕಲಿಸಿದ ಆ ಒಂದು ಪಾಠವನ್ನು ಮರೆತುಬಿಡಿ.