ಚಿಗವ್ವ ಗಾಳಿ ತೆಗೆದದ್ದು

ಈ ಮುಂಜಾನೆ ಮಗ ಅಂಗಳದಲ್ಲಿ ಟ್ರ್ಯಾಕ್ಟರಿನ ಡೀಸೆಲ್ ಫಿಲ್ಟರ್ ಬದಲಿಸುತ್ತಿದ್ದ. ವಾಸನೆ ಅಡುಗೆಮನೆಗೂ ಬಂದು ರೊಟ್ಟಿಗೆ ಹತ್ತಿತು. ಕೆಲಸ ಮುಗಿಸಿ ಕೀಲಿ ತಿರುವಲು ಹೊರಟವನಿಗೆ, “ಗಾಳಿ ತಗದಿಯೇನೋ?” ಎಂದೆ. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನ ಬಾಯಲ್ಲಿ ಈ ಮಾತು ಕೇಳಿ ಅವನು ನಕ್ಕ. ನೀವೂ ನಗಬಹುದು.

ಸಂಗತಿ ಇಷ್ಟೇ. ಫಿಲ್ಟರ್ ಬದಲಿಸಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಫಿಲ್ಟರಿನ ನೆತ್ತಿಯ ಮೇಲಿನ ತಿರುಪು ಸಡಿಲಿಸಿ, ಪಂಪಿನ ಸಣ್ಣ ಹಿಡಿಯನ್ನು ಕೈಯಿಂದ ಒತ್ತುತ್ತಿರಬೇಕು. ಮೊದಲು ನೊರೆ, ಆಮೇಲೆ ಗುಳ್ಳೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುವ ಕೈ ಬಿಡುವ ಮೊದಲೇ ತಿರುಪು ಬಿಗಿಯಬೇಕು. ಇಲ್ಲವಾದರೆ ಮತ್ತೆ ಗಾಳಿ ಒಳಗೆ. ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯವರು ನಮ್ಮೂರು ಮಸೂತಿಗೆ ಟ್ರ್ಯಾಕ್ಟರ್ ತಂದಾಗಿನಿಂದ ತಿರುಪು ಅವರದು, ಒತ್ತುವುದು ನನ್ನದು. ಸಂಸಾರದಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ.

ಆಗ ನನ್ನ ತಮ್ಮನ ಮದುವೆ ಸಿಂದಗಿಯಲ್ಲಿ ಗೊತ್ತಾಯಿತು. ನನ್ನ ತವರು ಹೂವಿನ ಹಿಪ್ಪರಗಿ. ಅಲ್ಲಿಂದ ನಿಬ್ಬಣ ಹೊರಡುವುದು ನಮ್ಮದೇ ಟ್ರ್ಯಾಕ್ಟರಿನಲ್ಲಿ. ಗಂಡು ಹೆಣ್ಣಿನ ಮೇಲೆ ಅಕ್ಕಿಕಾಳು ಬೀಳುವುದು ಹನ್ನೆರಡೂವರೆಗೆ. ನಡುದಾರಿಯಲ್ಲಿ ಗಾಡಿ ಕೈಕೊಡಬಾರದೆಂದು ಮನೆಯವರು ಮದುವೆಯ ದಿನ ಮುಂಜಾನೆ ಹೊಸ ಫಿಲ್ಟರ್ ಹಾಕಿದರು. ಗಾಳಿ ತೆಗೆಯಲು ನನ್ನನ್ನು ಕರೆದರು. ನಾನು ಕೈತುಂಬ ಹೊಸ ಬಳೆ ಇಟ್ಟುಕೊಂಡು ಕೂತಿದ್ದೆ. “ಆಮ್ಯಾಲ ಬರ್ತೇನಿ,” ಎಂದೆ. ಅವರೂ ಹೊಸ ಧೋತರ ಉಟ್ಟು ಮರೆತರು. ಎಂಜಿನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವುದನ್ನು ಮಾತ್ರ ಯಾರೂ ಮರೆಯಲಿಲ್ಲ.

ಊರ ಅಗಸಿ ಬಾಗಿಲು ದಾಟಿ ಒಂದು ಹೊಲದಷ್ಟು ದೂರ ಹೋಗಿ ಟ್ರ್ಯಾಕ್ಟರ್ ಕೆಮ್ಮಿ ನಿಂತಿತು. ಟ್ರೇಲರಿನಲ್ಲಿದ್ದ ನಮ್ಮ ಕಾಕಾ, ಅಪ್ಪನ ತಮ್ಮ, ಸುತ್ತ ನೋಡಿದ. ಅವನ ಕಣ್ಣು ಚಿಗವ್ವನ ಮೇಲೆ ನಿಂತಿತು. ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ ನೀಲವ್ವ. ಅವ್ವ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಗಂಡ ಸತ್ತು ಬಹಳ ವರ್ಷವಾಗಿತ್ತು.

“ನೀಲವ್ವಾ, ತಪ್ಪ ತಿಳಕೋಬ್ಯಾಡ. ಒಂದೀಟು ಕೆಳಗಿಳಿ. ಕುಂಕುಮ ಇಲ್ಲದಾಕಿ ಮುಂದ ಕುಂತ್ರ ಗಾಡಿ ಹೆಂಗ ಹೊಕ್ಕೈತಿ?”

“ಡೀಸೆಲ್ ನನ್ನ ಹಣಿ ನೋಡಿ ಹರಿತೈತೇನ್ ಯಣ್ಣಾ?” ಎಂದಳು ಚಿಗವ್ವ. ಆದರೂ ಇಳಿದಳು.

ರುಮಾಲು ಸುತ್ತಿಕೊಂಡ ತಮ್ಮ, ಬರಿದಾದ ಹೊಲವನ್ನು ಬೆಳೆ ನಿಂತಿದೆಯೇನೋ ಎಂಬಂತೆ ನೋಡುತ್ತ ಕುಳಿತ. ಒಳಗಿರುವುದು ಗಾಳಿ ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ತವರಿನವರ ಮುಂದೆ ಅಳಿಯನ ತಲೆ ತಗ್ಗುತ್ತದೆ. ಸುಮ್ಮನಾದೆ. ಮನೆಯವರೂ ಯಾರ ಮುಖ ನೋಡದೆ ಪಾನಾ ಹಿಡಿದು ತಿರುಪು ಸಡಿಲಿಸಿದರು. ಒತ್ತಲು ಒಬ್ಬರು ಬೇಕಿತ್ತು. ಬಿಳಿ ಅಂಗಿಯ ಗಂಡಸರೆಲ್ಲ ಹಿಂದೆ ಸರಿದರು.

“ಇಳದಂತೂ ಇಳದೀನಿ. ನನ್ನ ಸೀರಿ ಹೊಲಸಾದ್ರ ಯಾರ ನೋಡ್ತಾರ? ಏನ ಒತ್ತಲಿ ಹೇಳ್ರಿ, ಅಳಿಯಾರ,” ಎಂದಳು ಚಿಗವ್ವ.

ಒತ್ತಿದಳು. ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ಡೀಸೆಲ್ ಅವಳ ಮೊಳಕೈವರೆಗೆ ಹರಿಯಿತು. “ಕೈ ಬಿಡಬ್ಯಾಡ್ರಿ,” ಎಂದರು ಮನೆಯವರು. ಬಿಡಲಿಲ್ಲ. ತಿರುಪು ಬಿಗಿದು ಕೀಲಿ ತಿರುವಿದರೆ ಎರಡನೆಯ ಸಲಕ್ಕೆ ಎಂಜಿನ್ ಚಾಲೂ ಆಯಿತು.

“ನೋಡ್ರಿ! ಆಕಿ ಇಳದಕೂಡ್ಲೆ ಚಾಲೂ ಆತು!” ಎಂದ ಕಾಕಾ. ಎಲ್ಲರೂ ಹೌದೆಂದರು.

ಚಿಗವ್ವ ಟ್ರೇಲರಿನ ಹಲಗೆ ಹಿಡಿದು ನಿಂತಳು. ಅಂಚಿನಲ್ಲಿ ಕುಳಿತವಳು ನಾನೇ. ಕೈ ಕೊಡಲಿಲ್ಲ. ಬಳೆ ಒಡೆದಾವು ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಹಲಗೆ ಬಿಟ್ಟಳು.

“ಹೋಗ್ರಿ, ಹೊತ್ತಾಗ್ತೈತಿ. ನನ್ನ ಪಾಲಿಂದೂ ಎರಡ ಅಕ್ಕಿಕಾಳ ಹಾಕು, ಮಗಳ.”

ಸಿಂದಗಿಯಲ್ಲಿ ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಬಿತ್ತು. ನಾನೂ ಹಾಕಿದೆ. ಅವಳ ಪಾಲಿನದು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇಂದು ಮಗನಿಗೆ ಹೇಳಿದೆ. ಅವನಿಗೆ ಹಿಡಿಸಲಿಲ್ಲ.

“ಅಪ್ಪ ಸತ್ತ ಮ್ಯಾಲ ಅವನ ಮ್ಯಾಲ ತಪ್ಪ ಯಾಕ ಹಾಕ್ತಿ ಬೇ?”

“ಅವನ ಮ್ಯಾಲಷ್ಟ ಅಲ್ಲೊ, ನನ್ನ ಮ್ಯಾಲೂ. ಅವತ್ತ ಹೇಳಿದ್ರ ನಿಮ್ಮಪ್ಪಗ ಒಂದ ದಿನದ ನಾಚಿಕಿ. ಹೇಳಲಾರದಕ್ಕ ಚಿಗವ್ವ ಸಾಯೂತನಕ ಯಾರ ಮದಿವಿ ಗಾಡಿನೂ ಹತ್ತಲಿಲ್ಲ.”