ಹಾವೇರಿಯಲ್ಲಿ ಅಳೆಸಿಕೊಂಡ ವಸಡು

ಫೆಬ್ರವರಿಯ ಒಂದು ಬುಧವಾರ ಬೆಳಿಗ್ಗೆ ಎಂಟಕ್ಕೆ ಬ್ಯಾಡಗಿಯಲ್ಲಿ ಹಾವೇರಿ ಬಸ್ ಹತ್ತಿದೆ. ಮೆಣಸಿನಕಾಯಿ ಸುಗ್ಗಿ, ಬಸ್ಸಿಗೆ ಬಸ್ಸೇ ಸೀನುತ್ತಿತ್ತು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ.

ವರ್ಷದಿಂದ ನನ್ನ ಕೆಳಗಿನ ಮುಂದಿನ ಹಲ್ಲೊಂದು ಅಲುಗಾಡುತ್ತಿತ್ತು. ಅದಕ್ಕೇ ರಾಣೆಬೆನ್ನೂರಿನ ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿದ್ದೆ. ಅವ್ವ ಹೋದ ಮೇಲೆ ಅವ್ವನ ಕೈರುಚಿ ಉಳಿದದ್ದು ಅಕ್ಕನ ಖಡಕ್ ರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿ ರಂಜಕದಲ್ಲಿ ಮಾತ್ರ. ಅದನ್ನು ಕಡಿಯಲಾರದವಳು ಅಕ್ಕನ ಎದುರು ಕೂತು ಏನು ಮಾಡಲಿ? ಫೋನಿನಲ್ಲಿ ಒಂದೊಂದು ನೆಪ ಹೇಳುತ್ತಿದ್ದೆ, ಫೋನಿಟ್ಟು ಅಳುತ್ತಿದ್ದೆ. ತಪ್ಪೆಲ್ಲ ರಂಜಕದ ಖಾರದ್ದು ಎಂದುಕೊಂಡು ಖಾರವನ್ನೂ ಬಿಟ್ಟಿದ್ದೆ. ಆ ರೊಟ್ಟಿ ಇನ್ನು ನನ್ನ ಪಾಲಿಗೆ ಉಂಟೋ ಇಲ್ಲವೋ, ಅಷ್ಟನ್ನು ಹಲ್ಲಿನ ಡಾಕ್ಟರನ್ನು ಕೇಳಲು ಹೊರಟಿದ್ದೆ.

ಒಂದು ಗಂಟೆಯಲ್ಲಿ ಹಾವೇರಿ. ನಿಲ್ದಾಣದ ಹತ್ತಿರವೇ ದವಾಖಾನೆ. ಡಾಕ್ಟರ್ ನನ್ನ ಮಗಳ ವಯಸ್ಸಿನವಳು.

"ವಸಡಿನ್ಯಾಗ ರಕ್ತ ಬರ್ತದೇನ್ರಿ?"

"ಒಂದ ಹನಿ ಇಲ್ರಿ. ದಿನಾ ಮಿಶ್ರಿ ಹಚ್ಚಿ ತಿಕ್ಕತೇನಿ," ಎಂದೆ ಬಿಂಕದಿಂದ. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹಲ್ಲುಜ್ಜುವ ಪಾಠ ಮಾಡಿದವಳು ಮನೆಯಲ್ಲಿ ತಿಕ್ಕುತ್ತಿದ್ದದ್ದು ಅದನ್ನೇ!

ಆಕೆ ಗೆರೆ ಕೊರೆದ ಸಣ್ಣ ಕಡ್ಡಿಯನ್ನು ಹಲ್ಲು, ವಸಡುಗಳ ಸಂದಿಯಲ್ಲಿ ಇಳಿಸುತ್ತ ನರ್ಸಮ್ಮನಿಂದ ಬರೆಸತೊಡಗಿದಳು. "ಮೂರು, ಮೂರು, ನಾಲ್ಕು." ಮುಂದಿನ ಹಲ್ಲಿಗೆ ಬಂದಾಗ "ಆರು, ಏಳು" ಎಂದಳು. ಮಾಸ್ತರಿಕೆಯ ಬುದ್ಧಿ ನೋಡಿ, ಅಂಕ ಏರುತ್ತಿವೆ ಎಂದು ನನಗೆ ಒಳಗೊಳಗೇ ಖುಷಿ.

"ಅದು ಮಾರ್ಕ್ಸ್ ಅಲ್ರಿ ಅಕ್ಕಾರ," ಎಂದು ಆಕೆ ನಕ್ಕಳು. "ವಸಡು ಹಲ್ಲು ಬಿಟ್ಟು ಎಷ್ಟ ಮಿಲಿಮೀಟರ್ ಆಳ ಆಗೇತಿ ಅನ್ನೂದು. ಮೂರರ ತನಕ ಚಿಂತಿಲ್ಲ." ಎಕ್ಸ್‌ರೇ ತೆಗೆಸಿ ತೋರಿಸಿದಳು. ಆ ಹಲ್ಲಿನ ಬೇರಿನ ಸುತ್ತ ಎಲುಬು ಮುಕ್ಕಾಲು ಸವೆದಿತ್ತು.

"ರಕ್ತಾನ ಬರ್ಲಿಲ್ಲಲ್ಲ?"

"ತಂಬಾಕ ರಕ್ತಾನ ಮುಚ್ಚಿಡ್ತದ್ರಿ. ಅದಕ್ಕ ನಿಮಗ ಗೊತ್ತಾಗಿಲ್ಲ. ಇದೊಂದ ಹಲ್ಲ ಉಳಿಯೂದಿಲ್ಲ. ಮಿಶ್ರಿ ಬಿಟ್ಟು, ಬೇರಿನ ಮಟ ಸ್ವಚ್ಛ ಮಾಡಿಸ್ಕೊಂಡ್ರ ಉಳಿದವು ಉಳೀಬಹುದು. ಹೋದ ಎಲಬು ಮಾತ್ರ ತಿರುಗಿ ಬರೂದಿಲ್ಲ."

ಮುಂದಿನ ಬುಧವಾರ ಬರಲು ಹೇಳಿದಳು. ನಿಲ್ದಾಣದಲ್ಲಿ ಉಪ್ಪಿಟ್ಟು ತಿಂದು ರಾಣೆಬೆನ್ನೂರಿನ ಕಡೆಯ ಬಸ್ ಹತ್ತಿದೆ. ಬ್ಯಾಡಗಿಗೆ ಹೋಗುವವಳು ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿಯಬೇಕಿತ್ತು. ಕಾಲು ಏಳಲಿಲ್ಲ. ಅಕ್ಕನನ್ನು ನೋಡಬೇಕು ಅನ್ನಿಸಿದ್ದು ಹಸಿವಿನಷ್ಟೇ ಜೋರಾಗಿತ್ತು. "ಇಳೀರಿ ಬಾಯಾರ," ಎಂದ ಕಂಡಕ್ಟರನಿಂದ ಇನ್ನೊಂದು ಸೊನ್ನೆ ಟಿಕೆಟ್ ಹರಿಸಿಕೊಂಡೆ.

ಮಧ್ಯಾಹ್ನದ ಬಿಸಿಲಿನಲ್ಲಿ ಆಟೋ ಇಳಿದಾಗ ಅಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ವರ್ಷಾತಲ್ಲ, ಎಲ್ಲಿ ಸತ್ತ ಹೋಗಿದ್ದಿ?" ಎಂದು ಬೈದು ತಾಟು ಹಾಕಿದಳು. ನಾನು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿಂದೆ. ರುಚಿ ಅದೇ, ಆದರೆ ಕಟ್ಟೆಂದು ಕಡಿಯುವ ಸುಖವಿಲ್ಲ. ಕಣ್ಣು ತುಂಬಿ ಎಲ್ಲವನ್ನೂ ಹೇಳಿಬಿಟ್ಟೆ.

"ಹುಚ್ಚಿ, ನನ್ನ ನೋಡು," ಎಂದು ಅಕ್ಕ ತುಟಿ ಎತ್ತಿದಳು. "ಅವ್ವ ಕಲಿಸಿದ ಮಿಶ್ರಿ. ಇವತ್ತಿಗೂ ಒಂದ ಹನಿ ರಕ್ತ ಇಲ್ಲ."

ಅವಳ ಹಲ್ಲುಗಳು ಉದ್ದವಾಗಿ ಕಂಡವು. ವಸಡು ಹಿಂದಕ್ಕೆ ಸರಿದಿತ್ತು. ನನ್ನ ಕನ್ನಡಿಯಲ್ಲಿ ವರ್ಷವಿಡೀ ಕಂಡದ್ದು ಅದೇ. ನೆಪ ಹೇಳದೆ ಬಂದಿದ್ದರೆ ಇಬ್ಬರೂ ಕೂಡಿ ಎಂದೋ ತೋರಿಸಿಕೊಳ್ಳುತ್ತಿದ್ದೆವು. ಅಕ್ಕನ ಕೈ ಹಿಡಿದು ಇದನ್ನೂ, ತಂಬಾಕು ರಕ್ತವನ್ನು ಮುಚ್ಚಿಡುತ್ತದೆ ಎಂಬ ಡಾಕ್ಟರ್ ಮಾತನ್ನೂ ಹೇಳಿದೆ.

ಸಂಜೆ ಬಸ್ಸಿಗೆ ಬಿಡಲು ಬಂದ ಅಕ್ಕ, ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಗೇ ನಡೆದಳು.

"ಬುಧವಾರ ನಾನೂ ಬರ್ತೇನಿ," ಎಂದಳು. "ನನಗೂ ಹಿಂದಿನ ಎರಡ ಹಲ್ಲ ಅಳ್ಳಾಡತಾವ. ನಿನಗ ಹೇಳಿರ್ಲಿಲ್ಲ."